ಕೊಂಡ ಹಡಗೂ ಕಲಿತ ಕೈಯೂ

ಒಂದು ಹಡಗು ಯಾರದು? ಹಣ ತೆತ್ತು ಕೊಂಡವರದೋ, ಕಟ್ಟಿದವರದೋ, ಕೆಟ್ಟು ನಿಂತಾಗ ಬಿಚ್ಚಿ ಸರಿಪಡಿಸಿ ಮತ್ತೆ ನೀರಿಗಿಳಿಸಬಲ್ಲವರದೋ? ಸಮುದ್ರವನ್ನು ಭೂಪಟದ ನೀಲಿ ಬಣ್ಣದಲ್ಲಿಯೇ ಹೆಚ್ಚಾಗಿ ಕಂಡಿರುವ ಬೀದರ ಜಿಲ್ಲೆಯ, ಅದರಲ್ಲಿಯೂ ಕಲಾವಿಭಾಗದ, ವಿದ್ಯಾರ್ಥಿಯೊಬ್ಬನು ಇಂತಹ ಪ್ರಶ್ನೆಯನ್ನೆತ್ತಿದರೆ ವಾಚಕರಿಗೆ ನಗು ಬಂದೀತು. ದುಬಲಗುಂಡಿಯಲ್ಲಿ ಹಡಗಿನ ಮಾತೇಕೆ ಎಂದು ನನ್ನ ಸಹಪಾಠಿಗಳೇ ಕೇಳಿದ್ದುಂಟು. ನಮ್ಮ ಕಡೆ ನೀರೆಂದರೆ ಬಾವಿ, ಬೋರು. ಹೆಚ್ಚೆಂದರೆ ಕಾರಂಜಾ ಜಲಾಶಯ. ಆದರೂ ಈ ಪ್ರಶ್ನೆ ನಮ್ಮದೂ ಹೌದೆಂಬುದು ನನ್ನ ದೃಢವಾದ ಅಭಿಪ್ರಾಯ. ಒಪ್ಪುವುದೂ ಬಿಡುವುದೂ ವಾಚಕರಿಗೆ ಸೇರಿದ್ದು.

ನಾನು ಹೇಳಹೊರಟಿರುವುದು ದೊಡ್ಡ ಯುದ್ಧನೌಕೆಗಳನ್ನು ಕುರಿತಲ್ಲ. ಸಣ್ಣ ಕ್ಷಿಪಣಿ ನೌಕೆಗಳನ್ನು ಕುರಿತು. ಇವನ್ನು ಮೊದಲು ಯೋಚಿಸಿ ಕಟ್ಟಿದವರು ರಷ್ಯನ್ನರು. ಹಿಂದಿನ ಕಾಲದಲ್ಲಿ ದೊಡ್ಡ ಹಡಗನ್ನು ಮುಳುಗಿಸಲು ದೊಡ್ಡ ಹಡಗೇ ಬೇಕಾಗಿದ್ದಿತು. ಕ್ಷಿಪಣಿ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. 1967ನೆಯ ಅಕ್ಟೋಬರ್ 21ರಂದು ಈಜಿಪ್ಟಿನ ಪುಟ್ಟ ದೋಣಿಗಳೆರಡು, ಸೋವಿಯತ್ ದೇಶದಲ್ಲಿ ತಯಾರಾದ ಕ್ಷಿಪಣಿಗಳಿಂದ, ಇಸ್ರೇಲಿನ ‘ಐಲಾತ್’ ಎಂಬ ವಿನಾಶಕ ನೌಕೆಯನ್ನು ಪೋರ್ಟ್ ಸೈದ್ ಬಳಿ ಮುಳುಗಿಸಿದಾಗ ಲೋಕದ ನೌಕಾಪಡೆಗಳೆಲ್ಲ ಬೆಚ್ಚಿಬಿದ್ದವು. ಅದಾದ ನಾಲ್ಕೇ ವರ್ಷಗಳಲ್ಲಿ ನಮ್ಮ ದೇಶವೂ ಅದೇ ವಿದ್ಯೆಯನ್ನು ತೋರಿಸಿತು. 1971ರ ಡಿಸೆಂಬರ್ 4ರ ರಾತ್ರಿ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ನೌಕೆಗಳು ಕರಾಚಿಯ ಸಮೀಪಕ್ಕೆ ಹೋಗಿ ‘ಖೈಬರ್’ ಮತ್ತು ‘ಮುಹಾಫಿಜ್’ ಎಂಬ ಪಾಕಿಸ್ತಾನದ ಯುದ್ಧನೌಕೆಗಳನ್ನು ಮುಳುಗಿಸಿ, ತಾವು ಏನೂ ಪೆಟ್ಟು ತಿನ್ನದೆ ಮರಳಿದವು. ನಾಲ್ಕು ದಿನಗಳ ತರುವಾಯ ‘ವಿನಾಶ್’ ಹೋಗಿ ಕೀಮಾರಿಯ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಇಂದು ನಾವು ಡಿಸೆಂಬರ್ 4ನ್ನು ನೌಕಾದಿನವೆಂದು ಆಚರಿಸುವುದು ಈ ಸಣ್ಣ ದೋಣಿಗಳ ನೆನಪಿಗಾಗಿಯೇ.

ಇಷ್ಟು ಸಂಗತಿ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿಯೂ ಸಿಕ್ಕುವುದು. ಆ ಪುಸ್ತಕಗಳಲ್ಲಿ ಸಿಕ್ಕದಿರುವ ಸಂಗತಿಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಆ ನೌಕೆಗಳು ಅರಬ್ಬೀ ಸಮುದ್ರಕ್ಕೆಂದು ಹುಟ್ಟಿದವುಗಳಲ್ಲ. ತಮ್ಮ ದಡವನ್ನು ಕಾಯಲು ತಣ್ಣನೆಯ ದೇಶದವರು ಮಾಡಿಕೊಂಡ ದೋಣಿಗಳವು. ಹೆಚ್ಚು ದೂರ ಹೋಗಿ ಬರುವಷ್ಟು ಎಣ್ಣೆ ಹಿಡಿಯುತ್ತಿರಲಿಲ್ಲ. ಆದುದರಿಂದ ನಮ್ಮವರು ಅವನ್ನು ದೊಡ್ಡ ಹಡಗುಗಳಿಗೆ ಕಟ್ಟಿ ದೂರ ಎಳೆದೊಯ್ಯುವ ಅಭ್ಯಾಸ ಮಾಡಿದರು. ಕ್ಷಿಪಣಿ ಒಂದೊಂದೂ ಎರಡು ಟನ್ನಿಗೂ ಹೆಚ್ಚಿನ ತೂಕದ್ದು. ದ್ರವರೂಪದ ವಿಷಕಾರಿ ಇಂಧನವನ್ನೂ, ಲೋಹವನ್ನೇ ತಿನ್ನುವ ಆಮ್ಲವನ್ನೂ ಅದರೊಳಗೆ ತುಂಬಬೇಕು. ತುಂಬುವವನ ಕೈ ತುಸು ನಡುಗಿದರೂ ಪ್ರಾಣಾಪಾಯ. ಕರಾಚಿಯ ಬೆಂಕಿಯನ್ನು ಹಾಡಿ ಹೊಗಳುವ ನಾವು ಈ ಆಮ್ಲವನ್ನು ತುಂಬಿದ ಕೈಗಳನ್ನು ಒಮ್ಮೆಯಾದರೂ ನೆನೆದಿದ್ದೇವೆಯೇ?

ಇನ್ನೊಂದು ಮಾತು. ಈ ದೋಣಿಗಳನ್ನು ತರುವ ಮೊದಲು ನಮ್ಮ ಅಧಿಕಾರಿಗಳನ್ನೂ ನಾವಿಕರನ್ನೂ ವ್ಲಾಡಿವೊಸ್ಟಾಕಿಗೆ ಕಳುಹಿಸಲಾಯಿತು. ಅಲ್ಲಿ ಅವರು ಮೊದಲು ಮಾಡಿದ ಕೆಲಸವೇನು? ಸ್ಲೇಟು ಬಳಪ ಹಿಡಿದ ಮಕ್ಕಳಂತೆ ರಷ್ಯನ್ ಭಾಷೆಯ ಅಕ್ಷರಗಳನ್ನು ಕಲಿತುದು! ಏಕೆಂದರೆ ಪಾಠವೆಲ್ಲ ಆ ಭಾಷೆಯಲ್ಲಿ, ಕೈಪಿಡಿಯೆಲ್ಲ ಆ ಭಾಷೆಯಲ್ಲಿ, ಗುಂಡಿಗಳ ಮೇಲಿನ ಬರಹವೆಲ್ಲ ಆ ಭಾಷೆಯಲ್ಲಿ. ಕರಾಚಿಯ ದಾಳಿಯ ರಾತ್ರಿ ಶತ್ರುವಿಗೆ ತಿಳಿಯಬಾರದೆಂದು ರೇಡಿಯೋ ಮಾತನ್ನು ರಷ್ಯನ್ ಭಾಷೆಯಲ್ಲಿಯೇ ನಡೆಸಿದರೆಂದು ಹೇಳುತ್ತಾರೆ. ‘ಯಂತ್ರ ವಿಜ್ಞಾನದವರ ಪಾಲಿನದು, ಭಾಷೆ ನಮ್ಮ ಪಾಲಿನದು’ ಎಂದು ಬಿ.ಎ. ತರಗತಿಯಲ್ಲಿ ಕುಳಿತು ಹಂಚಿಕೊಂಡಿರುವ ನಾವು ಇದನ್ನು ಯೋಚಿಸಬೇಕು. ಭಾಷೆ ಬಾರದೆ ಆ ಎಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚಲಾಗುತ್ತಿರಲಿಲ್ಲ.

ಈ ಜಾತಿಯ ನೌಕೆಯೊಂದನ್ನು ಕನ್ನಡನಾಡಿನಲ್ಲಿಯೇ ನೋಡಬಹುದು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ನೌಕೆಯನ್ನು 2006ರಿಂದ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಲಾಗಿದೆ. ಗೋಕರ್ಣಕ್ಕೆಂದು ಹೊರಟಿದ್ದ ನಾವು ನಾಲ್ವರು ಗೆಳೆಯರು ಕಳೆದ ವರ್ಷ ಅಲ್ಲಿಗೂ ಹೋಗಿದ್ದೆವು. ಜನರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ‘ಇದೇ ಕರಾಚಿ ಸುಟ್ಟ ಹಡಗು’ ಎಂದು ಮಕ್ಕಳಿಗೆ ತೋರಿಸುತ್ತಾರೆ. ಅದು ಸರಿಯಲ್ಲ. ಚಪಲ್ ನಮ್ಮ ನೌಕಾಪಡೆಗೆ ಸೇರಿದುದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷಗಳಾದ ಮೇಲೆ. ಅದು 2005ರಲ್ಲಿ ನಿವೃತ್ತಿಯಾಯಿತು. ಕರಾಚಿಗೆ ಹೋದ ನೌಕೆಗಳಿಗೆ ಇದು ತಂಗಿ ಎನ್ನಬಹುದು. ಹೋಗದ ಯುದ್ಧದ ಕೀರ್ತಿಯನ್ನು ಅದಕ್ಕೆ ಹೊರಿಸುವ ಅಗತ್ಯವಿಲ್ಲ; ಅದರ ನಿಜವಾದ ಹಿರಿಮೆ ಬೇರೆಯೇ ಇದೆ. ಸುಮಾರು 39 ಮೀಟರ್ ಉದ್ದ, 240 ಟನ್ನಿನ ಆಸುಪಾಸಿನ ತೂಕ. ಉಕ್ಕಿನ ಒಡಲು, ಮೇಲ್ಗಡೆ ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹ. ಇಂತಹ ದೋಣಿಯನ್ನು ಉಪ್ಪುನೀರಿನಲ್ಲಿ, ನಮ್ಮ ಬಿಸಿಲಿನಲ್ಲಿ, ಇಪ್ಪತ್ತೆಂಟು ವರ್ಷಕಾಲ ಓಡುವ ಸ್ಥಿತಿಯಲ್ಲಿ ಇಟ್ಟುದು ಒಂದು ಯುದ್ಧವನ್ನು ಗೆದ್ದುದಕ್ಕಿಂತ ಕಡಿಮೆಯ ಕೆಲಸವೇನಲ್ಲ.

ಅದರ ಎಂಜಿನ್ನಿನ ವಿಷಯ ಕೇಳಿದರೆ ನಮ್ಮ ಹುಮನಾಬಾದದ ಹೆದ್ದಾರಿಯ ಬದಿಯ ಮಿಸ್ತ್ರಿಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡಾರು. ಒಂದು ಟ್ರ್ಯಾಕ್ಟರಿನ ಎಂಜಿನ್ನಿಗೆ ಮೂರೋ ನಾಲ್ಕೋ ಸಿಲಿಂಡರುಗಳಿದ್ದರೆ, ಈ ಎಂಜಿನ್ ಒಂದೊಂದಕ್ಕೂ 56 ಸಿಲಿಂಡರುಗಳು. ಹೂವಿನ ಎಸಳುಗಳ ಹಾಗೆ ಸುತ್ತಲೂ ಏಳು ಸಾಲು, ಸಾಲಿಗೆ ಎಂಟು. ಇಂತಹವು ದೋಣಿಗೆ ಮೂರು. ನಡುವಿನ ಒಂದು ಸಿಲಿಂಡರು ಕೆಟ್ಟರೆ ಅದರ ತನಕ ಕೈ ಹೋಗುವುದಾದರೂ ಹೇಗೆ? ಇದನ್ನು ತಯಾರಿಸಿದುದು ಅಂದು ಲೆನಿನ್‌ಗ್ರಾಡ್ ಎಂದು ಹೆಸರಾಗಿದ್ದ, ಇಂದಿನ ಸೇಂಟ್ ಪೀಟರ್ಸ್‌ಬರ್ಗಿನ ‘ಜ್ವೆಜ್ದಾ’ ಕಾರಖಾನೆ. ಜ್ವೆಜ್ದಾ ಎಂದರೆ ನಕ್ಷತ್ರ.

ಈ ಕಾರಖಾನೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಇಂದು ರಷ್ಯನ್ನರು ತಮ್ಮ ನೌಕಾಪಡೆಗಾಗಿ ಕಟ್ಟುತ್ತಿರುವ ಹೊಸ ಸಣ್ಣ ಕ್ಷಿಪಣಿ ನೌಕೆಗಳ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಆ ಕಥೆ ಹೀಗಿದೆ. ತತಾರ್‌ಸ್ತಾನದಲ್ಲಿ, ಕಜಾನ್ ನಗರದ ಹತ್ತಿರ, ವೋಲ್ಗಾ ನದಿಯ ದಂಡೆಯ ಮೇಲೆ ಜೆಲೆನೊದೋಲ್ಸ್ಕ್ ಎಂಬ ಊರಿದೆ. ಸಮುದ್ರದಿಂದ ನಮ್ಮ ಬೀದರಿಗಿಂತಲೂ ಬಹು ದೂರ. ಅಲ್ಲಿ ಮಾಕ್ಸಿಮ್ ಗೋರ್ಕಿಯ ಹೆಸರಿನ ಹಡಗುಕಟ್ಟೆಯಲ್ಲಿ ‘ಬುಯಾನ್-ಎಂ’ ಎಂಬ ನೌಕೆಗಳು ಕಟ್ಟಲ್ಪಟ್ಟಿವೆ. ಸುಮಾರು 950 ಟನ್ನಿನವು. ನದಿಯಲ್ಲಿಯೂ ಸಮುದ್ರದಲ್ಲಿಯೂ ಸಂಚರಿಸಬಲ್ಲವು. ನದಿಯ ನಡುವೆ ಹಡಗು ಕಟ್ಟುವ ಹುಚ್ಚೇಕೆ ಎನ್ನಬಹುದು. ವೋಲ್ಗಾ ಕ್ಯಾಸ್ಪಿಯನ್ ಸಮುದ್ರಕ್ಕೆ ಒಯ್ಯುತ್ತದೆ. 1952ರಲ್ಲಿ ತೆರೆದ ವೋಲ್ಗಾ-ಡಾನ್ ಕಾಲುವೆಯ ಮೂಲಕ ಕಪ್ಪುಸಮುದ್ರಕ್ಕೂ ದಾರಿಯುಂಟು. ಇದರಲ್ಲಿ ಇನ್ನೊಂದು ಜಾಣತನವೂ ಅಡಗಿದ್ದಿತು. 1987ರಲ್ಲಿ ಅಮೇರಿಕೆಗೂ ಸೋವಿಯತ್ ದೇಶಕ್ಕೂ ಆದ ಒಪ್ಪಂದದಂತೆ ಮಧ್ಯಮ ದೂರದ ಕ್ಷಿಪಣಿಗಳನ್ನು ನೆಲದ ಮೇಲೆ ಇಡುವಂತಿರಲಿಲ್ಲ. ಆದರೆ ಹಡಗಿನ ಮೇಲೆ ಇಡಬಾರದೆಂದು ಅದರಲ್ಲಿ ಹೇಳಿರಲಿಲ್ಲ! ಹಾಗಾಗಿ ದೇಶದ ಒಡಲಿನಲ್ಲಿ ಹರಿಯುವ ನದಿಯ ಮೇಲೆಯೇ ಆ ಕ್ಷಿಪಣಿಗಳು ತೇಲತೊಡಗಿದವು. 2015ರ ಅಕ್ಟೋಬರ್ 7ರಂದು ಕ್ಯಾಸ್ಪಿಯನ್ ಸಮುದ್ರದಲ್ಲಿ ನಿಂತ ನಾಲ್ಕು ನೌಕೆಗಳು, ಅವುಗಳಲ್ಲಿ ಮೂರು ಬುಯಾನ್-ಎಂ, ಸುಮಾರು 1500 ಕಿಲೋಮೀಟರ್ ಆಚೆಯ ಸಿರಿಯಾದ ಮೇಲೆ 26 ಕ್ಷಿಪಣಿಗಳನ್ನು ಹಾರಿಸಿದಾಗ ಲೋಕಕ್ಕೆ ಇದರ ಅರ್ಥ ತಿಳಿಯಿತು. 2019ರಲ್ಲಿ ಆ ಒಪ್ಪಂದವೂ ಇಲ್ಲವಾಯಿತು.

ಇಷ್ಟು ಶಕ್ತಿಯ ನೌಕೆಗೆ ಅಡ್ಡಿಯಾದುದು ಯಾವುದು? ಶತ್ರುವಿನ ಗುಂಡಲ್ಲ, ಎಂಜಿನ್! ಬುಯಾನ್-ಎಂ ನೌಕೆಗಳಿಗೆ ಮೊದಲು ಜರ್ಮನಿಯ ಎಂಜಿನ್ನುಗಳನ್ನು ಕೂರಿಸುತ್ತಿದ್ದರು. 2014ರಲ್ಲಿ ಕ್ರೈಮಿಯಾದ ಸಂಗತಿ ನಡೆದ ಮೇಲೆ ಜರ್ಮನಿಯ ಬಾಗಿಲು ಮುಚ್ಚಿತು. ಬೇರೆ ಎಂಜಿನ್ನುಗಳನ್ನು ಹುಡುಕಿಕೊಂಡು ತಿರುಗಬೇಕಾಯಿತು. ಆ ತರುವಾಯ ‘ಕರಾಕುರ್ತ್’ ಎಂಬ ಇನ್ನೊಂದು ಬಗೆಯ ಸಣ್ಣ ಕ್ಷಿಪಣಿ ನೌಕೆಗಳನ್ನು ಕಟ್ಟತೊಡಗಿದರು. ಕರಾಕುರ್ತ್ ಎಂಬುದು ಕಪ್ಪು ವಿಷದ ಜೇಡದ ಹೆಸರು. ಇದಕ್ಕೆ ಸ್ವದೇಶದ ಎಂಜಿನ್ನೇ ಇರಲೆಂದು ಜ್ವೆಜ್ದಾ ಕಾರಖಾನೆಗೆ ಹೇಳಿದರು. ಆ ಎಂಜಿನ್ ಎಂತಹುದು? ಚಪಲ್ ನೌಕೆಯ 56 ಸಿಲಿಂಡರುಗಳ ಎಂಜಿನ್ನುಗಳ ವಂಶದವೇ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿದಂತಹುದು, ಒಟ್ಟು 112 ಸಿಲಿಂಡರುಗಳು. ಒಡಲು ತಯಾರಾಗಿ ನಿಂತಿತು, ಕ್ಷಿಪಣಿ ತಯಾರಾಗಿ ನಿಂತಿತು, ಎಂಜಿನ್ ಬರಲಿಲ್ಲ. ಹಡಗುಕಟ್ಟೆಯವರೂ ಎಂಜಿನ್ನಿನವರೂ ನ್ಯಾಯಾಲಯದ ಮೆಟ್ಟಿಲು ಹತ್ತುವವರೆಗೂ ಮಾತು ಬೆಳೆಯಿತು. ವಿದ್ಯೆ ಕಾಗದದ ಮೇಲೆ ಇದ್ದಿತು. ಅದನ್ನು ಬೇಕಾದಷ್ಟು ವೇಗದಲ್ಲಿ ಮಾಡಬಲ್ಲ ಕೈಗಳು ಸಾಕಾಗಲಿಲ್ಲ. ಕ್ಷಿಪಣಿ ನೌಕೆಯ ವಿದ್ಯೆಯನ್ನು ಲೋಕಕ್ಕೆ ಕಲಿಸಿದವರಿಗೇ ಈ ಗತಿ ಬಂದಿತೆಂದರೆ ಉಳಿದವರ ಮಾತೇನು?

ಇಲ್ಲಿ ಒಂದು ಉಪಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ವೋಲ್ಗಾ ನದಿಗೂ ನಮ್ಮ ಬೀದರಿಗೂ ಇರುವ ನಂಟು ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ತ್ವೇರ್ ನಗರದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಅದೇ ನದಿಯಲ್ಲಿ, ಇಂದು ಜೆಲೆನೊದೋಲ್ಸ್ಕ್ ಇರುವ ದಂಡೆಯನ್ನು ದಾಟಿಕೊಂಡು, ದೋಣಿಯಲ್ಲಿ ಹೊರಟನು. ಅಸ್ತ್ರಖಾನಿನ ಬಳಿ ದರೋಡೆಗಾರರು ಅವನ ಸರಕನ್ನೆಲ್ಲ ದೋಚಿದರು. ಬರಿಗೈಯಲ್ಲಿ ಮರಳಿದರೆ ಸಾಲಗಾರರ ಕಾಟವೆಂದು ಅವನು ಮುಂದೆಯೇ ನಡೆದು, ಪರ್ಷಿಯಾ ದೇಶವನ್ನೂ ಸಮುದ್ರವನ್ನೂ ದಾಟಿ, ಚೌಲ್ ಬಂದರಿನಲ್ಲಿ ಇಳಿದು ಬಹಮನಿ ಅರಸರ ರಾಜಧಾನಿಯಾದ ಬೀದರಿಗೆ ಬಂದನು. ತಾನು ತಂದ ಕುದುರೆಯನ್ನು ಇಲ್ಲಿಯೇ ಮಾರಿದನು. ಇಲ್ಲಿಯ ಶ್ರೀಮಂತರ ವೈಭವವನ್ನೂ ಹಳ್ಳಿಯ ಜನರ ಬಡತನವನ್ನೂ ಒಟ್ಟಿಗೇ ಬರೆದಿಟ್ಟನು. ಅವನ ಬರಹದಲ್ಲಿ ರಷ್ಯನ್ ಭಾಷೆಯ ನಡುನಡುವೆ ತುರ್ಕಿ, ಪಾರ್ಸಿ ಮಾತುಗಳೂ ಬೆರೆತಿವೆ. ನಮ್ಮ ಕಡೆಯ ಕನ್ನಡದಲ್ಲಿ ಉರ್ದು ಬೆರೆತಿರುವಂತೆಯೇ. 1957ರಲ್ಲಿ ಖ್ವಾಜಾ ಅಹಮದ್ ಅಬ್ಬಾಸರು ರಷ್ಯನ್ನರೊಡನೆ ಸೇರಿ ತೆಗೆದ ‘ಪರದೇಸಿ’ ಚಿತ್ರ ಇವನ ಕಥೆಯನ್ನೇ ಕುರಿತದ್ದು. ಅದೇ ಕಾಲದ ಬಹಮನಿ ಮಂತ್ರಿ ಮಹಮೂದ ಗವಾನನು 1472ರಲ್ಲಿ ಗೋವೆಯ ಬಂದರನ್ನು ಗೆದ್ದುಕೊಂಡನು. ಸಮುದ್ರವಿಲ್ಲದ ಊರಿಗೂ ಸಮುದ್ರ ಬೇಕೆಂಬುದು ಆ ಮುತ್ಸದ್ದಿಗೆ ತಿಳಿದಿದ್ದಿತು. ಆದುದರಿಂದ ದುಬಲಗುಂಡಿಯವನು ಹಡಗಿನ ಮಾತಾಡಿದರೆ ಅದು ಅಧಿಕಪ್ರಸಂಗವೆಂದು ಯಾರೂ ತಿಳಿಯಬಾರದಾಗಿ ವಿನಂತಿ.

ನಮ್ಮ ದೇಶದ ಮಾತಿಗೆ ಬರುತ್ತೇನೆ. ಚಪಲ್ ವರ್ಗದ ತರುವಾಯ ಬಂದುದು ‘ವೀರ್’ ವರ್ಗ. ಒಟ್ಟು ಹದಿಮೂರು ನೌಕೆಗಳು. 1987ರಿಂದ ಮೊದಲ ಐದನ್ನು ಸೋವಿಯತ್ ದೇಶದಿಂದ ತಂದರು. ಉಳಿದ ಎಂಟನ್ನು ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿಯೂ ಗೋವೆಯ ಹಡಗುಕಟ್ಟೆಯಲ್ಲಿಯೂ ನಮ್ಮವರೇ ಕಟ್ಟಿದರು. ಇದು ಸಂತೋಷದ ಸಂಗತಿ. ಆದರೆ ಅವುಗಳನ್ನು ಓಡಿಸುವ ಗ್ಯಾಸ್ ಟರ್ಬೈನುಗಳು ಹುಟ್ಟಿದುದು ಇಂದಿನ ಯುಕ್ರೇನಿನ ಮಿಕೊಲಾಯಿವ್ ನಗರದಲ್ಲಿ. 1991ರಲ್ಲಿ ಸೋವಿಯತ್ ದೇಶ ಒಡೆದಾಗ ಹಡಗಿನ ನಕ್ಷೆ ಒಂದು ದೇಶಕ್ಕೆ, ಎಂಜಿನ್ ಇನ್ನೊಂದು ದೇಶಕ್ಕೆ ಹೋಯಿತು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬನಿಗೆ ಬಾವಿಯೂ ಇನ್ನೊಬ್ಬನಿಗೆ ಮೋಟರೂ ಬಂದ ಹಾಗೆ. ಆ ಅಣ್ಣತಮ್ಮಂದಿರೇ ಇಂದು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾರೆ.

ಇದರ ಫಲವಾಗಿ ಎಂತಹ ವಿಚಿತ್ರ ನಡೆಯಿತೆಂಬುದಕ್ಕೆ ‘ತುಶೀಲ್’, ‘ತಮಾಲ್’ ಎಂಬ ನಮ್ಮ ಎರಡು ದೊಡ್ಡ ನೌಕೆಗಳೇ ಸಾಕ್ಷಿ. 2013ರಲ್ಲಿ ಇವುಗಳ ಕೆಲಸ ಕಲಿನಿನ್‌ಗ್ರಾಡಿನಲ್ಲಿ ಆರಂಭವಾದುದು ರಷ್ಯದ ನೌಕಾಪಡೆಗಾಗಿ. 2014ರ ಬಳಿಕ ಯುಕ್ರೇನು ರಷ್ಯಕ್ಕೆ ಟರ್ಬೈನು ಕೊಡಲಿಲ್ಲ. ಒಡಲುಗಳು ಹಾಗೆಯೇ ಬಿದ್ದುಕೊಂಡವು. ಕೊನೆಗೆ 2018ರಲ್ಲಿ ಅವನ್ನು ನಮ್ಮ ದೇಶ ಕೊಳ್ಳಲು ಒಪ್ಪಿ, ಯುಕ್ರೇನಿನ ಟರ್ಬೈನುಗಳನ್ನು ತಾನೇ ಕೊಂಡು ರಷ್ಯದ ಹಡಗುಕಟ್ಟೆಗೆ ಒದಗಿಸಿತು. ತುಶೀಲ್ 2024ರ ಡಿಸೆಂಬರಿನಲ್ಲಿಯೂ ತಮಾಲ್ 2025ರ ಜುಲೈಯಲ್ಲಿಯೂ ನಮ್ಮ ನೌಕಾಪಡೆಗೆ ಸೇರಿದವು. ಇದನ್ನು ರಾಜತಂತ್ರದ ಗೆಲುವೆಂದು ಪತ್ರಿಕೆಗಳು ಹೊಗಳಿದವು. ಗೆಲುವೇ ಇರಬಹುದು. ನನಗಾದರೋ, ಕಾದಾಡುವ ಇಬ್ಬರ ನಡುವೆ ನಿಂತು ಒಬ್ಬನಿಂದ ಗಾಡಿಯನ್ನೂ ಇನ್ನೊಬ್ಬನಿಂದ ಎತ್ತುಗಳನ್ನೂ ತಂದವನಿಗೆ ಮುಂದಿನ ಸಲ ಎತ್ತು ಕುಂಟಿದರೆ ಏನು ಗತಿ ಎಂಬ ಚಿಂತೆಯೇ ಮೊದಲು ಬರುತ್ತದೆ.

ಇನ್ನೊಂದು ನಿದರ್ಶನ ಕಾರವಾರದಲ್ಲಿಯೇ ತಂಗುವ ‘ವಿಕ್ರಮಾದಿತ್ಯ’. ಅದರ ಹಿಂದಿನ ಹೆಸರು ‘ಅಡ್ಮಿರಲ್ ಗೋರ್ಶ್ಕೋವ್’. 2004ರಲ್ಲಿ ಒಪ್ಪಂದವಾದಾಗ ಹಳೆಯ ಹಡಗನ್ನು ಹೊಸದಾಗಿ ಮಾಡಿಕೊಡಲು ಸುಮಾರು 97 ಕೋಟಿ ಡಾಲರ್ ಎಂದರು. ಕೆಲಸ ಅರ್ಧಕ್ಕೆ ಬಂದಾಗ ಇದು ಸಾಲದೆಂದರು. ಬಿಡುವಂತಿಲ್ಲ, ಬೇರೆಡೆ ಒಯ್ಯುವಂತಿಲ್ಲ. ಕೊನೆಗೆ 235 ಕೋಟಿ ಡಾಲರ್ ತೆತ್ತು 2013ರಲ್ಲಿ ಪಡೆದೆವು. ರಷ್ಯನ್ನರು ನಮಗೆ ಕಷ್ಟಕಾಲದಲ್ಲಿ ಆದವರು; ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ರಿಪೇರಿ ತಿಳಿಯದವನಿಗೆ ಎಷ್ಟು ಒಳ್ಳೆಯ ಗೆಳೆಯನ ಅಂಗಡಿಯಲ್ಲಿಯೂ ಬೆಲೆಯ ಮೇಲೆ ಹಿಡಿತವಿರುವುದಿಲ್ಲ, ಅಷ್ಟೇ.

ಇದನ್ನು ತಿಳಿಯಲು ಕಲಿನಿನ್‌ಗ್ರಾಡಿಗೆ ಹೋಗಬೇಕಾಗಿಲ್ಲ. ಕಳೆದ ವರ್ಷ ಮಿರಗ ಮಳೆ ಬಿದ್ದು ಸೋಯಾ, ತೊಗರಿ ಬಿತ್ತುವ ಹೊತ್ತಿಗೆ ನಮ್ಮ ಓಣಿಯವರೊಬ್ಬರ ಹೊಸ ಟ್ರ್ಯಾಕ್ಟರು ಹೊಲದಲ್ಲಿಯೇ ನಿಂತಿತು. ಮಾರಿದ ಅಂಗಡಿಯವರು ಬಂದು ನೋಡಿ, ಭಾಗ ಬೇರೆ ಊರಿನಿಂದ ಬರಬೇಕು, ತಾವಲ್ಲದೆ ಬೇರೆಯವರು ಕೈಹಚ್ಚಿದರೆ ಗ್ಯಾರಂಟಿ ಹೋಗುವುದು ಎಂದು ಹೇಳಿ ಹೋದರು. ಹನ್ನೊಂದು ದಿನ ಕಳೆದವು. ಪಕ್ಕದ ಹೊಲದ ಹಳೆಯ ಟ್ರ್ಯಾಕ್ಟರೂ ಅದೇ ವಾರ ಕೆಟ್ಟಿತ್ತು. ಊರ ಮಿಸ್ತ್ರಿ ಲಾಟೀನಿನಂತಹ ಬ್ಯಾಟರಿ ದೀಪ ಹಚ್ಚಿಕೊಂಡು ಸಂಜೆ ಕುಳಿತವನು ನಡುರಾತ್ರಿಗೆ ಅದನ್ನು ಎಬ್ಬಿಸಿದ. ಆ ಎರಡರಲ್ಲಿ ಯಾವುದು ಒಕ್ಕಲಿಗನ ಸ್ವಂತದ್ದು?

ಕಾರವಾರದ ನೌಕಾನೆಲೆಯ ಮಾತು ಬಂದುದರಿಂದ ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ‘ಸೀಬರ್ಡ್’ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ‘ಕದಂಬ’ ಎಂಬ ನಮ್ಮ ಮೊದಲ ರಾಜವಂಶದ ಹೆಸರಿನಿಂದ ನೌಕಾನೆಲೆ ತೆರೆಯಿತು. ಅದಕ್ಕಾಗಿ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆಮಠ ಬಿಟ್ಟವು. ಮೀನುಗಾರರು ಕಡಲನ್ನೇ ಬಿಟ್ಟರು. ಪರಿಹಾರಕ್ಕಾಗಿ ಅವರು ಎಷ್ಟು ವರ್ಷ ಕಚೇರಿಗಳಿಗೂ ನ್ಯಾಯಾಲಯಗಳಿಗೂ ಅಲೆದರೆಂಬುದು ಉತ್ತರ ಕನ್ನಡದವರಿಗೆಲ್ಲ ಗೊತ್ತು. ಆ ನೆಲದ ಮೇಲೆ ಇಂದು ಹಡಗನ್ನು ನೀರಿನಿಂದ ಮೇಲೆತ್ತಿ ದಡಕ್ಕೆ ತಂದು ಕೂರಿಸುವ ಯಂತ್ರವಿದೆ. ಹತ್ತು ಸಾವಿರ ಟನ್ನಿನ ಹಡಗನ್ನು ಎತ್ತಬಲ್ಲದು. ಪಕ್ಕದಲ್ಲಿಯೇ ನೌಕಾ ರಿಪೇರಿ ಕಾರಖಾನೆ, ಅದರೊಡನೆ ಐ.ಟಿ.ಐ. ಆದ ಹುಡುಗರಿಗೆ ಕೆಲಸ ಕಲಿಸುವ ಅಪ್ರೆಂಟಿಸ್ ಶಾಲೆ. ಊರು ಬಿಟ್ಟವರ ಮಕ್ಕಳಿಗೆ ಆ ಶಾಲೆಯ ಬಾಗಿಲು ಎಲ್ಲರಿಗಿಂತ ಮೊದಲು ತೆರೆಯಬೇಕು. ನೆಲ ಕೊಟ್ಟವನು ಗೇಟಿನ ಹೊರಗೆ ಚಹಾ ಮಾರಬೇಕು, ನೆಲ ಕಾಣದವನು ಒಳಗೆ ಹಡಗು ರಿಪೇರಿ ಮಾಡಬೇಕು ಎಂದರೆ ಅದು ನ್ಯಾಯವಾಗಲಾರದು.

ಇಷ್ಟಾಗಿ ನನ್ನ ಗೆಳೆಯನೊಬ್ಬನು ಕೇಳುವ ಪ್ರಶ್ನೆಗೆ ಉತ್ತರಿಸದೆ ತೀರದು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಜನರಿರುವಾಗ ಕ್ಷಿಪಣಿ ನೌಕೆ ಏಕೆ ಬೇಕು ಎನ್ನುತ್ತಾನೆ ಅವನು. 2023ರ ಮಾರ್ಚಿಯಲ್ಲಿ ಆರು ಹೊಸ ಕ್ಷಿಪಣಿ ನೌಕೆಗಳನ್ನು ಕಟ್ಟಲು ಕೊಚ್ಚಿಯ ಹಡಗುಕಟ್ಟೆಯೊಡನೆ 9805 ಕೋಟಿ ರೂಪಾಯಿಯ ಒಪ್ಪಂದವಾಯಿತು. ಇದನ್ನು ಕೇಳಿ ಅವನ ಕೋಪ ಇಮ್ಮಡಿಯಾಯಿತು. ಅದೂ ಅಲ್ಲದೆ, ಎನ್ನುತ್ತಾನೆ ಅವನು, ದೊಡ್ಡ ಹಡಗನ್ನು ಸಣ್ಣ ದೋಣಿ ಮುಳುಗಿಸಿದ ಕಾಲ ಹೋಯಿತು. ಈಗ ಸಣ್ಣ ದೋಣಿಯನ್ನು ಇನ್ನೂ ಸಣ್ಣದು ಮುಳುಗಿಸುತ್ತದೆ. ಅವನ ಮಾತಿನಲ್ಲಿ ಸತ್ಯವಿದೆ. 2023ರ ನವೆಂಬರಿನಲ್ಲಿ ‘ಅಸ್ಕೋಲ್ದ್’ ಎಂಬ ಹೊಸ ಕರಾಕುರ್ತ್ ನೌಕೆ ಕೆರ್ಚಿನ ಹಡಗುಕಟ್ಟೆಯಲ್ಲಿ, ನೌಕಾಪಡೆಗೆ ಸೇರುವ ಮೊದಲೇ, ಯುಕ್ರೇನಿನ ಕ್ಷಿಪಣಿಯ ಪೆಟ್ಟು ತಿಂದಿತು. 2024ರ ಫೆಬ್ರವರಿ ಹುಟ್ಟುವ ರಾತ್ರಿ ‘ಇವಾನೊವೆತ್ಸ್’ ಎಂಬ ರಷ್ಯದ ಕ್ಷಿಪಣಿ ನೌಕೆಯನ್ನು, ಒಳಗೆ ಒಬ್ಬ ಮನುಷ್ಯನೂ ಇಲ್ಲದ, ಸಿಡಿಮದ್ದು ತುಂಬಿದ ಪುಟ್ಟ ದೋಣಿಗಳು ಒಂದಾದ ಮೇಲೊಂದು ಬಂದು ಡಿಕ್ಕಿ ಹೊಡೆದು ಮುಳುಗಿಸಿದವು. ಅದು ನಮ್ಮ ವೀರ್ ವರ್ಗದ ನೌಕೆಗಳ ಒಡಹುಟ್ಟು.

ಯುದ್ಧವೇ ಇಲ್ಲದ ಲೋಕವನ್ನು ನಾನೂ ಬಯಸುತ್ತೇನೆ. ನೀರಿನ ಟ್ಯಾಂಕರೋ ಕ್ಷಿಪಣಿಯೋ ಎಂದು ಒಂದನ್ನೇ ಆರಿಸಿಕೊಳ್ಳಲು ನನಗೆ ಹೇಳಿದರೆ ಟ್ಯಾಂಕರನ್ನೇ ಆರಿಸುವೆನು. ಆದರೆ ಆರಿಸುವ ಅಧಿಕಾರ ನಮ್ಮಿಬ್ಬರಿಗೂ ಇಲ್ಲ. ಹಡಗುಗಳು ಬಂದೇ ಬರುತ್ತವೆ, ಹಣ ಹೋಗಿಯೇ ಹೋಗುತ್ತದೆ. ಆ ಹಣ ಕಲಿತ ಕೈಗಳಾಗಿ ನಮ್ಮಲ್ಲಿಯೇ ಉಳಿಯುವುದೋ, ಇಲ್ಲವೋ? ಚರ್ಚಿಸಬೇಕಾದುದು ಇದನ್ನು. ಹಡಗಿನ ವಾಲ್ವು ಬಲ್ಲವನಿಗೆ ನೀರಿನ ಪಂಪಿನ ವಾಲ್ವೂ ತಿಳಿಯುತ್ತದೆ. ಬೆಸುಗೆಯ ವಿದ್ಯೆಗೆ ಯುದ್ಧ, ಶಾಂತಿ ಎಂಬ ಭೇದವಿಲ್ಲ. ಉಡುಪಿ ಜಿಲ್ಲೆಯ ಮಲ್ಪೆಯಲ್ಲಿ, ಅದೇ ಕೊಚ್ಚಿಯವರ ಇನ್ನೊಂದು ಕಟ್ಟೆಯಲ್ಲಿ, ನಾರ್ವೆ ದೇಶದವರಿಗಾಗಿ ಸರಕುಹಡಗುಗಳ ಕೆಲಸ ನಡೆದಿದೆ.

ಈಗ ನಮ್ಮ ಮನೆಯ ಮಾತು. ಹೇಳಬಾರದೆಂದಿದ್ದೆ, ಆದರೆ ಹೇಳದಿದ್ದರೆ ಇದುವರೆಗೆ ಬರೆದುದೆಲ್ಲ ಪರರಿಗೆ ಮಾಡಿದ ಉಪದೇಶವಾದೀತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಮ್ಮನು ಹತ್ತನೆಯ ಇಯತ್ತೆ ಮುಗಿಸಿದ್ದಾನೆ. ಓದಿನಲ್ಲಿ ದಡ್ಡನೇನಲ್ಲ. ಆದರೆ ಅವನ ಮನಸ್ಸೆಲ್ಲ ಕಬ್ಬಿಣದಲ್ಲಿ. ಐ.ಟಿ.ಐ. ಸೇರಿ ಫಿಟ್ಟರ್ ಕೆಲಸ ಕಲಿಯುತ್ತೇನೆ, ಆ ಮೇಲೆ ಕಾರವಾರದ ಆ ಅಪ್ರೆಂಟಿಸ್ ಪರೀಕ್ಷೆಗೆ ಕೂಡುತ್ತೇನೆ ಎನ್ನುತ್ತಾನೆ. ಅಪ್ಪನಿಗೆ ಇದು ಮನಸ್ಸಿಗೆ ಬಾರದು. “ಒಬ್ಬಾತ ಬಿ.ಎ. ಮಾಡ್ಯಾನ, ಇನ್ನೊಬ್ಬನ ಕೈಯಾಗ ಪಾನಾ ಕೊಟ್ಟು ಮಂದಿ ಮುಂದ ಹ್ಯಾಂಗ ತೋರಸ್ಲಿ?” ಎನ್ನುತ್ತಾರೆ. ಬದುಕೆಲ್ಲ ಕೈಯಿಂದಲೇ ದುಡಿದವರು ಅಪ್ಪ. ಆ ದುಡಿಮೆಯ ಅವಮಾನವನ್ನು ಅವರೇ ಉಂಡಿದ್ದಾರೆ. ಮಕ್ಕಳಿಗೆ ಅದು ಬೇಡವೆನ್ನುವುದರಲ್ಲಿ ತಪ್ಪೇನು? ಅವರನ್ನು ಹೀಗೆ ಯೋಚಿಸುವಂತೆ ಮಾಡಿದವರು ಬೇರೆ ಜನ. ಮಿಸ್ತ್ರಿಯನ್ನು ಹೊರಗೆ ನಿಲ್ಲಿಸಿ, ಗುಮಾಸ್ತನಿಗೆ ಕುರ್ಚಿ ಹಾಕುವ ಜನ. ಪದವಿಯ ಕಾಗದ ಹಿಡಿದ ನಾವೂ ಅವರ ಸಾಲಿನಲ್ಲಿಯೇ ಇದ್ದೇವೆ.

ಇಂತಹ ಮಾತು ನಮ್ಮ ತಾಲೂಕಿನ ನೆರೆಯಲ್ಲಿಯೇ ಇರುವ ಕಲ್ಯಾಣಕ್ಕೆ ಒಪ್ಪುವುದೇ? ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನಿದ್ದನು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು; ಅವನ ವಚನಗಳ ಖಾರ ನಮ್ಮ ಅಧ್ಯಾಪಕರಿಗೆ ಗೊತ್ತೇ ಇದೆ. ಅವನು ತನ್ನ ಹುಟ್ಟನ್ನು ಬಚ್ಚಿಟ್ಟು ಪಂಡಿತನ ವೇಷ ಹಾಕಲಿಲ್ಲ, ಕಸುಬಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡನು. 2021ರಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ ಅಡಿಗಲ್ಲು ಹಾಕಿದರು. ಆ ಮಂಟಪದ ಬಗ್ಗೆ ಪ್ರಬಂಧ ಬರೆದು ಬಹುಮಾನ ಪಡೆದ ನಾವೇ, ತಮ್ಮನ ಕೈಗೆ ಎಣ್ಣೆ ಹತ್ತಿದರೆ ಮುಖ ಸಿಂಡರಿಸುತ್ತೇವೆ. ಫಿಟ್ಟರ್ ಕೆಲಸಕ್ಕೆ ಹೋಗುವವನಿಗೆ ಇಂಗ್ಲಿಷೂ ಬೇಕು, ಗಣಿತವೂ ಬೇಕು, ಯಾರು ಬಲ್ಲರು, ರಷ್ಯನ್ ಅಕ್ಷರಗಳೂ ಬೇಕಾದಾವು. ಅವನು ನನಗಿಂತ ಕಡಿಮೆ ಓದುವನೆಂದು ಹೇಳುವುದಾದರೂ ಹೇಗೆ?

ನಮ್ಮ ಪ್ರಾಚಾರ್ಯರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನದೊಂದು ಅರಿಕೆಯಿದೆ. ವಾರ್ಷಿಕ ಪ್ರವಾಸಕ್ಕೆ ಬೇಲೂರು, ಹಳೇಬೀಡು, ಮೈಸೂರು ಎಂದು ಹೋಗುವುದು ವಾಡಿಕೆ. ಒಂದು ವರ್ಷ ಕಾರವಾರಕ್ಕೆ ಹೋಗಬಾರದೇಕೆ? ಇತಿಹಾಸದ ವಿದ್ಯಾರ್ಥಿಗಳಿಗೆ ಅಲ್ಲಿ ಸದಾಶಿವಗಡವಿದೆ, ಅರ್ಥಶಾಸ್ತ್ರದವರಿಗೆ ಬಂದರಿದೆ, ಸಮಾಜಶಾಸ್ತ್ರದವರಿಗೆ ಊರು ಬಿಟ್ಟವರ ಕಾಲೊನಿಗಳಿವೆ, ಕನ್ನಡದವರಿಗೆ ಕಡಲೇ ಇದೆ. ಚಪಲ್ ನೌಕೆಯ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡ ಮೇಲೆ, ಅಂತಹ ಎಂಜಿನ್ನಿನಲ್ಲಿ ನಿಜವಾಗಿ ಕೈಯಾಡಿಸಿದ ನಿವೃತ್ತ ನಾವಿಕರು ಯಾರಾದರೂ ಸಿಕ್ಕರೆ ಅವರಿಂದ ಒಂದು ಗಂಟೆಯ ಉಪನ್ಯಾಸ ಮಾಡಿಸಬಹುದು. 56 ಸಿಲಿಂಡರುಗಳಲ್ಲಿ ನಡುವಿನದು ಕೆಟ್ಟಾಗ ಏನು ಮಾಡುತ್ತಿದ್ದರೆಂದು ನಾನು ಅವರನ್ನು ಕೇಳುವೆನು. ಮನೆಯಿಂದ ಒಬ್ಬರನ್ನು ಜೊತೆಗೆ ಕರೆತರಲು ಅನುಮತಿಯಿದ್ದರೆ ಅಪ್ಪನನ್ನೂ ಕರೆದುಕೊಂಡು ಬರುವ ವಿಚಾರ ಇದೆ. ಪ್ರವಾಸದ ಹಣವನ್ನು ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಮಾಡಿಕೊಡಬೇಕು.